ಓಲ್ಡ್ ಕ್ರೋ: ಡೀಸೆಲ್ ಊರಿಗೆ ಸೋಲಾರ್ ಬಂದ ಕಥೆ

ಕೆನಡಾದ ಯೂಕಾನ್‌ನಲ್ಲಿ, ಆರ್ಕ್‌ಟಿಕ್ ವೃತ್ತಕ್ಕಿಂತಲೂ ಉತ್ತರಕ್ಕೆ ಓಲ್ಡ್ ಕ್ರೋ ಎಂಬ ಪುಟ್ಟ ಊರಿದೆ. ವುಂಟುಟ್ ಗ್ವಿಚಿನ್ ಎಂಬ ಮೂಲನಿವಾಸಿಗಳ ಊರು. ಅಲ್ಲಿಗೆ ರಸ್ತೆಯಿಲ್ಲ. ಕರೆಂಟ್ ಬೇಕೆಂದರೆ ಜನರೇಟರ್ ಓಡಬೇಕು, ಅದರ ಡೀಸೆಲ್ ವಿಮಾನದಲ್ಲೇ ಬರಬೇಕು. ದಶಕಗಳ ಕಾಲ ಹೀಗೇ ನಡೆಯಿತು.

ಅಲ್ಲಿ ಬಿಸಿಲು ಎಲ್ಲಿಂದ ಎನ್ನುತ್ತೀರಾ? ಬೇಸಿಗೆಯಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲ!

1993ರಲ್ಲಿ ಈ ಜನ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ತಮ್ಮ ನೆಲದ ಹಕ್ಕನ್ನೂ ಸ್ವಂತ ಆಡಳಿತವನ್ನೂ ಪಡೆದರು. ಕಾಲಕಾಲಕ್ಕೂ ಗಟ್ಟಿಯಾಗಿದ್ದ ಹಿಮನೆಲ ಕರಗತೊಡಗಿತು. 2019ರಲ್ಲಿ ಅವರು ಹವಾಮಾನ ತುರ್ತುಸ್ಥಿತಿ ಘೋಷಿಸಿದರು. 2021ರಲ್ಲಿ 940 ಕಿಲೋವ್ಯಾಟ್‌ನ ಸೋಲಾರ್ ಘಟಕ ಶುರುವಾಯಿತು. ವರ್ಷಕ್ಕೆ ಸುಮಾರು 1,89,000 ಲೀಟರ್ ಡೀಸೆಲ್ ಉಳಿಸುವುದು ಅದರ ಗುರಿ. ಬೇಸಿಗೆಯಲ್ಲಿ ಬಿಸಿಲು ಚೆನ್ನಾಗಿದ್ದಾಗ ಜನರೇಟರ್ ಬಂದ್ ಮಾಡಬಹುದು. ಚಳಿಗಾಲದ ಕತ್ತಲಲ್ಲಿ ಮಾತ್ರ ಈಗಲೂ ಡೀಸೆಲ್ಲೇ ಗತಿ.

ನಮಗೆ ಮುಖ್ಯವೆನಿಸಿದ್ದು ಒಡೆತನದ ವಿಷಯ. ಘಟಕ ಆ ಜನರದ್ದೇ. ವಿದ್ಯುತ್ ಕಂಪನಿ ಅವರಿಂದ ಕರೆಂಟ್ ಕೊಳ್ಳುತ್ತದೆ. ಒಪ್ಪಂದ 25 ವರ್ಷದ್ದು. ಡೀಸೆಲ್‌ಗೆಂದು ಹೊರಗೆ ಹೋಗುತ್ತಿದ್ದ ದುಡ್ಡಿನಲ್ಲಿ ಒಂದು ಪಾಲು ಈಗ ಊರಿಗೇ ಬರುತ್ತದೆ. 1993ರಲ್ಲಿ ಪಡೆದ ನೆಲದ ಹಕ್ಕು ಇಲ್ಲಿ ಕೆಲಸಕ್ಕೆ ಬಂತು. ನಮ್ಮೂರ ಹೊಲಗಳಿಗೆ ಸೋಲಾರ್ ಬಂದಾಗಲೂ, ಎಷ್ಟು ಯೂನಿಟ್ ಎಂದು ಕೇಳುವ ಮೊದಲು ಯಾರ ಹೆಸರಲ್ಲಿ ಎಂದು ಕೇಳೋಣ.