ಹಾಡಿ ಗಳಿಸಿದ ಹಣ: ಮದರಾಸಿನ ನಾಗರತ್ನಮ್ಮನವರು

ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನ ಕಾವೇರಿ ದಂಡೆಯಲ್ಲಿ ಗಂಡಸರೂ ಹೆಂಗಸರೂ ಸಾಲಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವ ದೃಶ್ಯವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಚೆನ್ನೈನಲ್ಲಿರುವ ಕನ್ನಡಿಗರಿಗಂತೂ ಅದು ಒಂದು ರಾತ್ರಿಯ ಪ್ರಯಾಣ. ಸಂತರ ಸಮಾಧಿಗೆ ಅಭಿಮುಖವಾಗಿ ಅಲ್ಲಿ ಒಬ್ಬ ಸ್ತ್ರೀಯ ಪ್ರತಿಮೆಯಿದೆ. ನಮಸ್ಕರಿಸಿ ಮುಂದೆ ಹೋಗುವವರಲ್ಲಿ ಎಷ್ಟು ಮಂದಿಗೆ ಅವರು ನಂಜನಗೂಡಿನಲ್ಲಿ ಹುಟ್ಟಿದವರೆಂದು ತಿಳಿದಿದೆಯೋ! ಆ ಸಮಾಧಿಯ ಗುಡಿ ಎದ್ದದ್ದೇ ಅವರ ಹಣದಿಂದ.

ಹೆಣ್ಣಿನ ಕೈಯಲ್ಲಿ ಹಣವಿದ್ದರೆ ಸಮಾಜಕ್ಕೆಲ್ಲ ಒಳಿತು ಎಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಹಾಗೆಯೇ, ಯಾರೂ ಅದನ್ನು ಪರೀಕ್ಷಿಸಿ ನೋಡುವ ಗೋಜಿಗೂ ಹೋಗುವುದಿಲ್ಲ. ಹಣ ಎಲ್ಲಿಂದ ಬಂತು, ಯಾರ ಹೆಸರಿನಲ್ಲಿ ಉಳಿಯಿತು, ಯಾವುದಕ್ಕೆ ವೆಚ್ಚವಾಯಿತು ಎಂದು ಒಂದು ಜೀವನದ ಲೆಕ್ಕವನ್ನಾದರೂ ತೆಗೆದು ನೋಡಬೇಕು. ಬೆಂಗಳೂರು ನಾಗರತ್ನಮ್ಮನವರ ಜೀವನ ಅಂಥ ಲೆಕ್ಕಕ್ಕೆ ಒಗ್ಗುತ್ತದೆ.

1878ರಲ್ಲಿ ದೇವದಾಸಿ ಕುಲದ ಪುಟ್ಟಲಕ್ಷ್ಮಿಯವರ ಮಗಳಾಗಿ ಹುಟ್ಟಿದ ಅವರಿಗೆ ತಂದೆಯ ಆಸರೆ ಬಹುಕಾಲ ಇರಲಿಲ್ಲ. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರಲ್ಲಿ ಬಾಲ್ಯದಲ್ಲೇ ಸಂಸ್ಕೃತ ಕಲಿತರು; ಮುಂದೆ ಆ ಆಶ್ರಯವೂ ತಪ್ಪಿತು. ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರ ಬಳಿ ಸಂಗೀತ ಕಲಿತು, ಬಳಿಕ ಮದರಾಸಿಗೆ ಬಂದು ಜಾರ್ಜ್‌ಟೌನಿನಲ್ಲಿ ನೆಲೆಸಿದರು. 1905ರಿಂದ 1934ರವರೆಗೆ 116 ಊರುಗಳಲ್ಲಿ 1,235 ಕಛೇರಿಗಳನ್ನು ಮಾಡಿದರು ಎಂಬ ಲೆಕ್ಕವಿದೆ. ಎಂದರೆ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಮೊದಲ ಕಲಾವಿದೆಯರಲ್ಲಿ ಅವರ ಹೆಸರು ಬರುತ್ತದೆ. ಸರ್ಕಾರವೇ ಒಬ್ಬ ಹೆಂಗಸಿನ ದುಡಿಮೆಯನ್ನು ದುಡಿಮೆಯೆಂದು ಬರೆದುಕೊಂಡ ದಾಖಲೆಯದು. ತೆರಿಗೆಯನ್ನು ಯಾರೂ ಇಷ್ಟು ಸಂತೋಷದಿಂದ ನೆನೆಯುವುದಿಲ್ಲವೇನೋ.

ಇಲ್ಲಿ ಧರ್ಮಶಾಸ್ತ್ರದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿವಾಹಿತ ಸ್ತ್ರೀ ತನ್ನ ಕೈಕಸುಬಿನಿಂದ ಗಳಿಸಿದ ಧನದ ಮೇಲೆ ಪತಿಗೆ ಅಧಿಕಾರವುಂಟು ಎಂದು ಕಾತ್ಯಾಯನನ ಮತ. ತವರಿನ ಉಡುಗೊರೆ ಸ್ತ್ರೀಧನ, ಆದರೆ ಸ್ವಂತ ದುಡಿಮೆಯ ಫಲ ಹಾಗಲ್ಲ! ವಿಧವೆಗೆ ಗಂಡನ ಆಸ್ತಿಯಲ್ಲಿ ಮಿತವಾದ ಹಕ್ಕನ್ನು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಆ ಮಿತಿ ಕಳಚಿದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ. ದೇವದಾಸಿ ಮನೆತನಗಳಲ್ಲಾದರೋ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ಕುಲವಧುವಿಗೆ ಮಾನವಿತ್ತು, ಹಣದ ಮೇಲೆ ಹಿಡಿತವಿರಲಿಲ್ಲ. ನಾಗರತ್ನಮ್ಮನವರ ಸ್ಥಿತಿ ಇದಕ್ಕೆ ವಿಪರೀತ.

ಆ ಹಿಡಿತದಿಂದ ಏನಾಯಿತು? ಮೊದಲು ಒಂದು ಪುಸ್ತಕ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಅವರು ಸಂಪಾದಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದರು. ಹೆಣ್ಣು ಶೃಂಗಾರ ಬರೆದದ್ದು ಅಶ್ಲೀಲವೆಂದು ಗದ್ದಲವೆದ್ದಿತು. ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಅವರೇ ಆ ಕವಯಿತ್ರಿಯನ್ನು ಹಳಿದಿದ್ದರು. ಗಂಡಸರು ಬರೆದ ಅಂಥದೇ ಕಾವ್ಯಗಳಿಗೆ ಈ ನಿಯಮವೇಕಿಲ್ಲ ಎಂಬುದು ನಾಗರತ್ನಮ್ಮನವರ ಪ್ರಶ್ನೆ. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಅವರ ಸರ್ಕಾರದಿಂದಾಗಿ ಆ ನಿಷೇಧ ಸಡಿಲವಾಗಲು 1947 ಬರಬೇಕಾಯಿತು.

ಇನ್ನು ತಿರುವೈಯಾರಿನ ಕತೆ. 1847ರಲ್ಲಿ ನಿಧನರಾದ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂಬ ಸುದ್ದಿ 1920ರ ದಶಕದ ಆರಂಭದಲ್ಲಿ ಮದರಾಸಿನ ನಾಗರತ್ನಮ್ಮನವರಿಗೆ ತಲುಪಿತು. ಆಗ ಆರಾಧನೆ ನಡೆಸುತ್ತಿದ್ದವರು ದೊಡ್ಡ ಕಕ್ಷಿ, ಸಣ್ಣ ಕಕ್ಷಿ ಎಂದು ಒಡೆದು ಪರಸ್ಪರ ಸ್ಪರ್ಧಿಸುತ್ತಿದ್ದರು. ಸಂತರ ಹೆಸರಿನಲ್ಲಿ ಎರಡು ಉತ್ಸವ, ಆದರೆ ಸಮಾಧಿಗೊಂದು ನೆರಳಿಲ್ಲ. ಸಮಾಧಿಯಿದ್ದ ನೆಲವನ್ನು ನಾಗರತ್ನಮ್ಮನವರು ಪಡೆದುಕೊಂಡು, ಒಡವೆ ಮಾರಿ, ಗುಡಿ ಕಟ್ಟಿಸಿ, ಸಂತರ ವಿಗ್ರಹವನ್ನು ಸ್ಥಾಪಿಸಿದರು. 1926ರ ಹೊತ್ತಿಗೆ ಪ್ರತಿಷ್ಠೆಯೂ ಆಯಿತು.

ಗುಡಿ ಕಟ್ಟಿದವರಿಗೆ ಅದರ ಮುಂದೆ ಹಾಡುವ ಅವಕಾಶ ಮಾತ್ರ ಸಿಗಲಿಲ್ಲ. ಹೆಂಗಸರು ಆರಾಧನೆಯಲ್ಲಿ ಹಾಡುವುದಕ್ಕೆ ಎರಡೂ ಕಕ್ಷಿಗಳ ವಿರೋಧ. ಉಳಿದೆಲ್ಲದರಲ್ಲಿ ಜಗಳವಾಡುವವರಿಗೆ ಇದರಲ್ಲಿ ಮಾತ್ರ ಒಮ್ಮತ. ಆಗ ಅವರು ದೇವದಾಸಿ ಗಾಯಕಿಯರನ್ನು ಸೇರಿಸಿಕೊಂಡು ಹೆಂಗಸರ ಕಕ್ಷಿಯನ್ನೇ ಕಟ್ಟಿ ಬೇರೆ ಆರಾಧನೆ ನಡೆಸಿದರು. ಮೂರು ಧಾರೆಗಳು ಒಂದಾದದ್ದು 1940ರ ಸುಮಾರಿಗೆ. ಬೇಡಿಕೆಯೊಂದರಿಂದಲೇ ಆ ಬಾಗಿಲು ತೆರೆಯುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ಕೇಳಿದವರ ಕಾಲಕೆಳಗೆ ಅವರದೇ ನೆಲವಿತ್ತು. ಅವರನ್ನು ಬಿಟ್ಟು ಉತ್ಸವ ನಡೆಸುವುದು ಸುಲಭವಿರಲಿಲ್ಲ.

ಇದೇ ಕತೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡುವುದು ಸಲ್ಲದು. 1927ರಲ್ಲಿ ಮದರಾಸು ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯ ವಿರುದ್ಧ ನಿರ್ಣಯ ತಂದಾಗ, ಪ್ರತಿಭಟಿಸಿದ ದೇವದಾಸಿಯರ ಮುಂಚೂಣಿಯಲ್ಲಿ ನಾಗರತ್ನಮ್ಮನವರಿದ್ದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಕುಲದವರು. ಎಳೆಯ ಹೆಣ್ಣುಮಕ್ಕಳ ದುರವಸ್ಥೆಯನ್ನು ಅವರು ಹತ್ತಿರದಿಂದ ಬಲ್ಲವರು. ನಾಗರತ್ನಮ್ಮನವರ ಸಂಪತ್ತಿನಲ್ಲಿಯೂ ಧನಿಕ ಆಶ್ರಯದಾತರ ಪಾಲಿತ್ತು. ಸಂಗೀತದಿಂದಲೇ ಎಲ್ಲರೂ ಶ್ರೀಮಂತರಾಗುತ್ತಿರಲಿಲ್ಲ ಎಂಬುದಕ್ಕೆ ಅದೇ ಜಾರ್ಜ್‌ಟೌನಿನ ವೀಣಾ ಧನಮ್ಮಾಳ್ ಸಾಕ್ಷಿ: ಸಮಾನರಿಲ್ಲದ ವಿದ್ವತ್ತು, ಕೊನೆಯವರೆಗೂ ಸಾಲದ ಬಾಧೆ. ಪದ್ಧತಿ ಹೋಗಬೇಕಾಗಿತ್ತು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಹಾಡಿ ಕುಣಿದು ಬದುಕುತ್ತಿದ್ದವರಿಗೆ ನಾಳೆಯ ಅನ್ನವೆಲ್ಲಿಂದ ಎಂಬ ಅವರ ಪ್ರಶ್ನೆಗೆ 1947ರ ಕಾಯಿದೆಯೂ ತಕ್ಕ ಉತ್ತರ ಕೊಡಲಿಲ್ಲ. ಅವರ ಸಂಗೀತ ನೃತ್ಯಗಳು ಸಭೆಗಳನ್ನು ಸೇರಿದವು. ಅವರಲ್ಲಿ ಬಹಳ ಮಂದಿ ಸೇರಲಿಲ್ಲ.

ನಾಗರತ್ನಮ್ಮನವರು 1952ರ ಮೇ 19ರಂದು ತೀರಿಕೊಂಡರು. ತಮ್ಮ ಆಸ್ತಿಯನ್ನು ತ್ಯಾಗರಾಜರ ಸೇವೆಗೆಂದು ಉಯಿಲು ಬರೆದಿಟ್ಟಿದ್ದರು. ಅದರಲ್ಲಿ ಒಂದು ಷರತ್ತಿತ್ತು: ಆರಾಧನೆಯಲ್ಲಿ ಹೆಂಗಸರಿಗೂ ಅವಕಾಶವಿರಬೇಕು.