ಬಿಳಿ ಕೋಟಿನವರ ಮನೆ: ಪ್ಯಾರಿಸ್ ಫ್ಯಾಶನ್ನಿನ ಯಜಮಾನಿಕೆ ಮತ್ತು ದುಡಿಮೆ

ಪ್ಯಾರಿಸ್ಸಿನ ದೊಡ್ಡ ಫ್ಯಾಶನ್ ಸಂಸ್ಥೆಗಳನ್ನು ಅಲ್ಲಿಯವರು ಕಂಪನಿ ಅನ್ನುವುದಿಲ್ಲ, ‘ಮೇಜೋಂ’ ಅನ್ನುತ್ತಾರೆ, ಅಂದರೆ ಮನೆ. ಒಬ್ಬ ಗಿರಾಕಿಯ ಮೈಯಳತೆಗೆ ಸರಿಯಾಗಿ, ಬಹುಪಾಲು ಕೈಯಲ್ಲೇ ಹೊಲಿದು ಕೊಡುವ ಇವರ ಅತಿ ದುಬಾರಿ ಕಸುಬಿಗೆ ‘ಓತ್ ಕುತೂರ್’ ಎಂದು ಹೆಸರು. ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆದುಕೊಳ್ಳಬಹುದಾದ ಹೆಸರಲ್ಲ ಅದು. 1945ರಿಂದ ಅದಕ್ಕೆ ಫ್ರಾನ್ಸಿನ ಕಾನೂನಿನ ರಕ್ಷಣೆಯಿದೆ. ಪ್ಯಾರಿಸ್ಸಿನಲ್ಲಿ ಸ್ವಂತ ಹೊಲಿಗೆಮನೆ ಇರಬೇಕು, ಅಲ್ಲಿ ಪೂರ್ಣಾವಧಿಯ ಕೆಲಸಗಾರರಿರಬೇಕು, ಜನವರಿಯಲ್ಲಿ ಒಮ್ಮೆ ಜುಲೈನಲ್ಲಿ ಒಮ್ಮೆ ಹೊಸ ಉಡುಪುಗಳನ್ನು ಪ್ರದರ್ಶಿಸಬೇಕು. ಇಂಥ ಷರತ್ತುಗಳನ್ನು ಪೂರೈಸಿದ ಕೆಲವೇ ಮನೆಗಳಿಗೆ ಆ ಹೆಸರು ಸಿಗುತ್ತದೆ.

ಹೊರಗಿನವರಿಗೆ ಕಾಣುವುದು ಉಡುಪಿನ ಕೊರಳಪಟ್ಟಿಯ ಒಳಗೆ ಹೊಲಿದ ಒಂದು ಹೆಸರು ಮಾತ್ರ. ಆ ಮನೆ ನಡೆಯುವುದು ಮೂವರ ನಡುವಿನ ಹೊಂದಾಣಿಕೆಯಿಂದ: ಗೆರೆ ಎಳೆಯುವವರು, ಸೂಜಿ ಹಿಡಿಯುವವರು, ದುಡ್ಡು ಹಾಕುವವರು. ಈ ಮೂವರಲ್ಲಿ ಯಾರ ಮಾತು ಎಷ್ಟು ನಡೆಯುತ್ತದೆ ಎಂಬುದರ ಮೇಲೆ ಮನೆಯ ಸ್ವಭಾವ ನಿಂತಿರುತ್ತದೆ.

ದರ್ಜಿ ಯಜಮಾನನಾದದ್ದು

ಊರಿನ ಟೈಲರ್ ಅಂಗಡಿಗೆ ನಾವೇ ಬಟ್ಟೆ ಒಯ್ದು, ತೋಳು ಇಷ್ಟಿರಲಿ, ಕೊರಳು ಹೀಗಿರಲಿ ಎಂದು ಹೇಳಿ ಬರುತ್ತೇವಲ್ಲ, ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಪ್ಯಾರಿಸ್ಸಿನ ಶ್ರೀಮಂತ ಹೆಂಗಸರೂ ಹಾಗೆಯೇ ಮಾಡುತ್ತಿದ್ದರು. ಹೊಲಿಯುವವಳು ಹೇಳಿದಷ್ಟು ಮಾಡುವವಳು. ಇದನ್ನು ತಿರುಗಿಸಿದವನು ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರೆಡರಿಕ್ ವರ್ತ್. 1858ರಲ್ಲಿ ಒಟ್ಟೊ ಬೊಬೆರ್ಗ್ ಎಂಬ ಪಾಲುದಾರನ ಜೊತೆ ರ್‍ಯೂ ದ ಲಾ ಪೇ ಬೀದಿಯಲ್ಲಿ ಅಂಗಡಿ ತೆರೆದ ವರ್ತ್, ಉಡುಪುಗಳನ್ನು ತಾನೇ ಮೊದಲು ರೂಪಿಸಿ, ಹುಡುಗಿಯರಿಗೆ ತೊಡಿಸಿ ತೋರಿಸಿದ. ಇದರಲ್ಲಿ ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದ. ಚಿತ್ರಕಾರ ಚಿತ್ರಕ್ಕೆ ಸಹಿ ಹಾಕುವಂತೆ ತನ್ನ ಹೆಸರಿನ ಪಟ್ಟಿಯನ್ನು ಬಟ್ಟೆಗೆ ಹೊಲಿಸಿದ. ಫ್ರಾನ್ಸಿನ ಚಕ್ರವರ್ತಿನಿ ಯೂಜೆನಿಯೇ ಗಿರಾಕಿಯಾದ ಮೇಲೆ ಆತನ ಮಾತನ್ನು ತೆಗೆದುಹಾಕುವವರು ಯಾರು?

ಗಿರಾಕಿ ಹೇಳಿದಂತೆ ಹೊಲಿಯುವ ದರ್ಜಿ ಹೋಗಿ, ಗಿರಾಕಿಗೆ ಹೇಳುವ ಯಜಮಾನ ಬಂದ. ಆದರೆ ವರ್ತ್‌ನ ಹೆಸರು ಹೊತ್ತ ಉಡುಪುಗಳನ್ನು ಹೊಲಿದ ನೂರಾರು ಕೈಗಳಿಗೆ ಪಟ್ಟಿಯ ಮೇಲೆ ಜಾಗವಿರಲಿಲ್ಲ. ಇವತ್ತಿಗೂ ಇಲ್ಲ.

ಹೊಲಿಗೆಮನೆಯ ಏಣಿ

ಕುತೂರ್ ಮನೆಯ ಹೊಲಿಗೆಮನೆಗೆ ‘ಅತಲಿಯೆ’ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಎರಡು ಬಗೆಯದು. ‘ಫ್ಲೂ’ ಎಂಬಲ್ಲಿ ರೇಷ್ಮೆ, ಶಿಫಾನ್‌ನಂಥ ಜಾರುವ ಬಟ್ಟೆಗಳ ಗೌನುಗಳು ತಯಾರಾಗುತ್ತವೆ. ‘ತಾಯ್ಯರ್’ ಎಂಬಲ್ಲಿ ಉಣ್ಣೆಯ ಕೋಟು, ಜಾಕೆಟ್‌ಗಳಂಥ ಬಿಗಿ ಹೊಲಿಗೆಯ ಕೆಲಸ. ಒಂದರಲ್ಲಿ ಪಳಗಿದವರು ಇನ್ನೊಂದರ ತಂಟೆಗೆ ಹೋಗುವುದು ಕಡಿಮೆ.

ಪ್ರತಿ ಹೊಲಿಗೆಮನೆಗೂ ಒಬ್ಬ ‘ಪ್ರೀಮಿಯರ್’ ಇರುತ್ತಾಳೆ. ನಮ್ಮ ಕಟಿಂಗ್ ಮಾಸ್ಟರ್‌ನ ಅನುಭವವೂ ಮೇಲ್ವಿಚಾರಕಿಯ ಅಧಿಕಾರವೂ ಒಬ್ಬಳಲ್ಲೇ ಸೇರಿದ ಹಾಗೆ. ಅವಳ ಕೈಕೆಳಗೆ ‘ಸೆಗೋಂದ್’, ಅಂದರೆ ಎರಡನೆಯವಳು. ಆಮೇಲೆ ಅನುಭವಕ್ಕೆ ತಕ್ಕಂತೆ ಹೊಲಿಯುವವರ ಸಾಲು. ಇವರೆಲ್ಲರಿಗೂ ಸೇರಿ ‘ಪತೀತ್ ಮ್ಯಾಂ’ ಎಂಬ ಹೆಸರಿದೆ: ಪುಟ್ಟ ಕೈಗಳು. ತೀರ ಕೆಳಗಿನ ಮೆಟ್ಟಿಲು ‘ಆರ್ಪೆತ್’ಳದು. ಹಿಂದಿನ ಕಾಲದಲ್ಲಿ ಹನ್ನೆರಡು ಹದಿಮೂರರ ವಯಸ್ಸಿಗೇ ಸೇರಿ, ನೆಲದ ಮೇಲೆ ಬಿದ್ದ ಗುಂಡುಸೂಜಿ ಹೆಕ್ಕುವುದರಿಂದ ಕೆಲಸ ಕಲಿಯುತ್ತಿದ್ದ ಹುಡುಗಿ ಈಕೆ.

ಮೈಮೇಲೆ ಬಿಳಿ ಕೋಟು ಇವರ ಗುರುತು. ಮನೆಯ ದೊರೆಯಾದ ವಿನ್ಯಾಸಕಾರನನ್ನು ‘ಮಸ್ಯೊ’ ಎಂದು, ಪ್ರೀಮಿಯರ್‌ಳನ್ನು ‘ಮದಾಮ್’ ಎಂದು ಕರೆಯುವುದು ರೂಢಿ. ಕೊಕೊ ಶನೆಲ್ ಮಾತ್ರ ಕೊನೆಯವರೆಗೂ ತನ್ನ ಮನೆಯವರಿಗೆ ‘ಮದ್ಮ್ವಾಜೆಲ್’ (ಕುಮಾರಿ) ಆಗಿಯೇ ಉಳಿದಳು. ನವೆಂಬರ್ 25ರ ಸಂತ ಕ್ಯಾಥರೀನ್ ಹಬ್ಬದ ದಿನ ಈ ಕಟ್ಟುನಿಟ್ಟು ಸಡಿಲವಾಗುತ್ತದೆ. ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹೊಲಿಗೆಯ ಹುಡುಗಿಯರು ಹಳದಿ, ಹಸಿರು ಬಣ್ಣದ ವಿಚಿತ್ರ ಟೋಪಿ ತೊಟ್ಟು ಮೆರೆಯುತ್ತಾರೆ, ಮನೆಯೇ ಅವರಿಗೆ ಔತಣ ಹಾಕುತ್ತದೆ.

ಗೆರೆ ಉಡುಪಾಗುವ ಬಗೆ

ಪ್ರೀಮಿಯರ್‌ಳ ಅಧಿಕಾರ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಒಂದು ಉಡುಪಿನ ಹಿಂದೆ ಹೋಗಬೇಕು. ವಿನ್ಯಾಸಕಾರನಿಂದ ಬರುವುದು ಒಂದು ಹಾಳೆ. ಅದರ ಮೇಲೆ ಸೊಂಟದ ಒಂದು ತಿರುವು, ಭುಜದ ಒಂದು ಇಳಿತ. ಹೊಲಿಗೆ ಎಲ್ಲಿ ಬರಬೇಕು, ಆರು ಮೀಟರ್ ಬಟ್ಟೆಯ ಭಾರವನ್ನು ಯಾವ ಪಟ್ಟಿ ಹೊರಬೇಕು ಎಂಬ ವಿವರ ಅದರಲ್ಲಿ ಇರುವುದಿಲ್ಲ. ಪ್ರೀಮಿಯರ್ ಕೋರಾ ಹತ್ತಿ ಬಟ್ಟೆಯನ್ನು ಬೊಂಬೆಯ ಮೇಲೆ ಹೊದಿಸುತ್ತಾಳೆ. ಬಟ್ಟೆಯ ಎಳೆ ನೇರ ಬೀಳಬೇಕೋ ಓರೆ ಬೀಳಬೇಕೋ ಎಂದು ಕೈಯಲ್ಲೇ ತೂಗಿ, ಗುಂಡುಸೂಜಿ ಚುಚ್ಚಿ, ಕತ್ತರಿಸಿ, ಮತ್ತೆ ಚುಚ್ಚುತ್ತಾಳೆ. ಹೀಗೆ ತಯಾರಾದ ಕರಡು ಉಡುಪಿಗೆ ‘ತ್ವಾಲ್’ ಎಂದು ಹೆಸರು.

ತ್ವಾಲನ್ನು ರೂಪದರ್ಶಿಗೆ ತೊಡಿಸಿ ವಿನ್ಯಾಸಕಾರನ ಮುಂದೆ ನಿಲ್ಲಿಸುತ್ತಾರೆ. ಆತ ಒಂದು ಬೆರಳು ಮೇಲೆ, ಅರ್ಧ ಬೆರಳು ಒಳಗೆ ಎನ್ನುತ್ತಾನೆ. ಕೆಲವೊಮ್ಮೆ ಏನೂ ಹೇಳದೆ ಮುಖ ತಿರುಗಿಸುತ್ತಾನೆ. ಒಪ್ಪಿಗೆಯಾದ ಮೇಲೆ ತ್ವಾಲನ್ನು ಬಿಚ್ಚಿ ಹಾಸಿದರೆ ಅದೇ ಕಟಿಂಗಿನ ನಮೂನೆ. ಆಮೇಲೆ ನಿಜವಾದ ಬಟ್ಟೆ, ಕಚ್ಚಾ ಹೊಲಿಗೆ, ಗಿರಾಕಿಯ ಮೈಮೇಲೆ ಹಾಕಿ ನೋಡುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಗೆರೆ ಎಳೆದವನಿಗೆ ತಾನು ಬಯಸಿದ್ದು ಏನೆಂದು ಎಷ್ಟೋ ಸಲ ತಿಳಿಯುವುದೇ ತ್ವಾಲನ್ನು ಕಂಡ ಮೇಲೆ.

ಸೂಜಿ ಕೆಳಗಿಟ್ಟ ದಿನಗಳು

ಹೊಲಿಗೆಮನೆಯ ಹುಡುಗಿಯರಿಗೆ ಪ್ಯಾರಿಸ್ ಇಟ್ಟ ಅಡ್ಡಹೆಸರು ‘ಮಿದಿನೆತ್’. ಮಧ್ಯಾಹ್ನದ ಬಿಡುವಿನಲ್ಲಿ ಬೀದಿಗಿಳಿದು ಅಷ್ಟಿಷ್ಟು ತಿಂದು ಓಡುವವರು ಎಂಬ ಅರ್ಥದಿಂದ ಬಂದದ್ದು. ಮೊದಲ ಮಹಾಯುದ್ಧದ ನಡುವೆ, 1917ರ ಮೇ ತಿಂಗಳಲ್ಲಿ, ‘ಜೆನಿ’ ಎಂಬ ಫ್ಯಾಶನ್ ಮನೆ ಶನಿವಾರ ಮಧ್ಯಾಹ್ನ ಕೆಲಸವಿಲ್ಲ, ಕೂಲಿಯೂ ಇಲ್ಲ ಎಂದಿತು. ಹುಡುಗಿಯರು ಬೀದಿಗಿಳಿದರು. ಒಂದು ಮನೆಯ ಜಗಳ ಕೆಲವೇ ದಿನಗಳಲ್ಲಿ ಊರಿನ ಹೊಲಿಗೆಯವರೆಲ್ಲರ ಮುಷ್ಕರವಾಯಿತು. ಬಜಾರಿನ ಬೆಲೆ ಏರಿದ್ದಕ್ಕೆ ಭತ್ಯೆ ಕೊಡಿ, ಶನಿವಾರದ ಅರ್ಧ ದಿನಕ್ಕೆ ಕೂಲಿ ಕತ್ತರಿಸಬೇಡಿ ಎಂದು ಕೇಳಿದರು. ಜೂನ್ 11ರಂದು ಉಡುಪಿನ ಉದ್ಯಮಕ್ಕೆ ಶನಿವಾರದ ಅರ್ಧ ದಿನದ ರಜೆ ಕಾನೂನಾಯಿತು.

1936ರ ಬೇಸಿಗೆಯಲ್ಲಿ ಫ್ರಾನ್ಸಿನಾದ್ಯಂತ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದಾಗ ಶನೆಲ್ ಮನೆಯ ಹೆಂಗಸರೂ ಸೇರಿದರು. ರ್‍ಯೂ ಕಾಂಬೋಂ ಬೀದಿಯ ತನ್ನದೇ ಕಟ್ಟಡದೊಳಗೆ ಮದ್ಮ್ವಾಜೆಲ್‌ಗೆ ಪ್ರವೇಶ ಸಿಗಲಿಲ್ಲ. ಮೊದಲು ಹಟ ಹಿಡಿದ ಆಕೆ ಕೊನೆಗೆ ಮಣಿದಳು. ಮೂರು ವರ್ಷದ ಮೇಲೆ ಯುದ್ಧ ಬಂದದ್ದೇ ತಡ ಹೊಲಿಗೆಮನೆಗಳನ್ನು ಮುಚ್ಚಿಬಿಟ್ಟಳು, ಸಾವಿರಾರು ಹೆಂಗಸರು ಕೆಲಸ ಕಳೆದುಕೊಂಡರು. 1936ರ ಸೇಡು ಅದು ಎಂದವರೂ ಇದ್ದಾರೆ. ಆ ಬಾಗಿಲು ಮತ್ತೆ ತೆರೆದದ್ದು 1954ರಲ್ಲಿ.

ವಿಯೊನೆಯ ದಾರಿ

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಯಜಮಾನಿಕೆಯೂ ಇತ್ತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಅದು ಮೈಮೇಲೆ ನೀರಿನಂತೆ ಇಳಿಯುವ ಹಾಗೆ ಮಾಡಿದ ಮ್ಯಾಡಲೀನ್ ವಿಯೊನೆ (1876–1975) ಬಾಲ್ಯದಲ್ಲೇ ಹೊಲಿಗೆಗೆ ಸೇರಿದವಳು. ಕೆಳಗಿನ ಮೆಟ್ಟಿಲಲ್ಲಿ ನಿಂತರೆ ಕಾಲು ಹೇಗೆ ನೋಯುತ್ತದೆಂದು ಬಲ್ಲವಳು. 1923ರಲ್ಲಿ ಅವೆನ್ಯೂ ಮೊಂತೇನ್‌ನ 50ನೇ ನಂಬರಿನ ಕಟ್ಟಡಕ್ಕೆ ಬಂದ ಮೇಲೆ ಆಕೆಯ ಮನೆಯಲ್ಲಿ ಸುಮಾರು 1,200 ಜನ ದುಡಿಯುತ್ತಿದ್ದರು. ಅವರಿಗೆ ಒಳ್ಳೆಯ ಬೆಳಕಿನ ಕೋಣೆ, ಬರಿ ಸ್ಟೂಲಿನ ಬದಲು ಬೆನ್ನಿಗೆ ಆಸರೆಯಿರುವ ಕುರ್ಚಿ, ಊಟದ ಮನೆ, ವೈದ್ಯರು, ಹಲ್ಲಿನ ಡಾಕ್ಟರು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಸಂಬಳದ ರಜೆ, ಹೆರಿಗೆ ರಜೆ ಎಲ್ಲವೂ ಇದ್ದವು. ಕಾನೂನು ಕೇಳುವುದಕ್ಕಿಂತ ಮೊದಲೇ ಕೊಟ್ಟವುಗಳು ಅವು. ಓರೆ ಕಟಿಂಗಿಗೆ ಕೈ ನಡುಗಬಾರದು, ಕಣ್ಣು ದಣಿಯಬಾರದು. ಆಕೆಯ ಕರುಣೆಯಲ್ಲಿ ಕಸುಬಿನ ಲೆಕ್ಕವೂ ಸೇರಿತ್ತು.

ದಿಯೋರ್: ಒಬ್ಬನ ಹೆಸರು, ಹಲವರ ಮಾತು

ಜವಳಿ ಉದ್ಯಮಿ ಮಾರ್ಸೆಲ್ ಬುಸಾಕ್‌ನ ಹಣದಿಂದ 1946ರ ಕೊನೆಯಲ್ಲಿ 30, ಅವೆನ್ಯೂ ಮೊಂತೇನ್‌ನಲ್ಲಿ ಕ್ರಿಶ್ಚಿಯನ್ ದಿಯೋರ್‌ನ ಮನೆ ತೆರೆಯಿತು. 1947ರ ಫೆಬ್ರವರಿ 12ರ ಮೊದಲ ಪ್ರದರ್ಶನವೇ ‘ನ್ಯೂ ಲುಕ್’ ಎಂದು ಲೋಕಪ್ರಸಿದ್ಧ. ಶುರುವಿನಲ್ಲಿ ಮೂರು ಹೊಲಿಗೆಮನೆಗಳಿದ್ದವು. ದಿಯೋರ್ ಒಂಟಿಯಾಗಿ ಆಳಲಿಲ್ಲ. ಆತನ ಗೆರೆಚಿತ್ರಗಳನ್ನು ಹೊಲಿಗೆಮನೆಗಳಿಗೆ ಹಂಚುವ ಹೊಣೆ ಮಾರ್ಗರೀತ್ ಕಾರೆಯದು. ಪ್ರೀಮಿಯರ್‌ಗಳು ತಮ್ಮ ಮನಸ್ಸಿಗೆ ಹಿಡಿದ ಚಿತ್ರವನ್ನು ಆರಿಸಿಕೊಳ್ಳುತ್ತಿದ್ದರು. ರೇಮೊಂದ್ ಜೆನಾಕೆ ಸ್ಟುಡಿಯೋ ನೋಡಿಕೊಂಡರೆ, ಮಿಟ್ಜಾ ಬ್ರಿಕಾರ್ ಟೋಪಿಯಿಂದ ಹಿಡಿದು ಇಡೀ ಅಂದದ ಬಗ್ಗೆ ಮುಲಾಜಿಲ್ಲದೆ ಮಾತಾಡುತ್ತಿದ್ದಳು.

1957ರ ಅಕ್ಟೋಬರಿನಲ್ಲಿ ದಿಯೋರ್ ಹಠಾತ್ತನೆ ತೀರಿಕೊಂಡಾಗ 21ರ ಹುಡುಗ ಈವ್ ಸಾಂ ಲೊರಾಂ ಆ ಕುರ್ಚಿಯಲ್ಲಿ ಕುಳಿತ. ಅವನ ಗೆರೆಗಳನ್ನು ಉಡುಪು ಮಾಡಿದವರು ದಿಯೋರ್ ಪಳಗಿಸಿದ ಕೈಗಳೇ. ಸ್ಥಾಪಕ ಹೋದರೂ ಮನೆ ಉಳಿಯಬಲ್ಲದು ಎಂದು ಆಗ ಸಾಬೀತಾಯಿತು.

ಓಟ ಜೋರಾದಾಗ

1984ರಲ್ಲಿ ಬುಸಾಕ್‌ನ ಉದ್ಯಮಗಳನ್ನು ಉದ್ಯಮಿ ಬೆರ್ನಾರ್ ಆರ್ನೊ ಕೊಂಡ. ಜೊತೆಗೆ ದಿಯೋರ್ ಕೂಡ ಬಂತು. ಅಲ್ಲಿಂದ ಮುಂದೆ ಫ್ಯಾಶನ್ ಮನೆಗಳು ದೊಡ್ಡ ಗುಂಪುಗಳ ಕೈ ಸೇರಿದವು, ದುಡ್ಡು ಹಾಕುವವರ ಮಾತು ಜೋರಾಯಿತು. ವಿನ್ಯಾಸಕಾರ ‘ಕ್ರಿಯೇಟಿವ್ ಡೈರೆಕ್ಟರ್’ ಆದ. ಉಡುಪಿನ ಜೊತೆ ಚೀಲ, ಚಪ್ಪಲಿ, ಜಾಹೀರಾತು, ಅಂಗಡಿಯ ಕಿಟಕಿ ಎಲ್ಲವೂ ಅವನ ತಲೆಯ ಮೇಲೆ ಬಂತು.

1996ರಿಂದ ದಿಯೋರ್‌ನ ವಿನ್ಯಾಸಕಾರನಾಗಿದ್ದ ಜಾನ್ ಗಲಿಯಾನೊ, ಸ್ವಂತ ಬ್ರ್ಯಾಂಡೂ ಸೇರಿದಂತೆ ವರ್ಷಕ್ಕೆ 32 ಸಂಗ್ರಹಗಳ ಹೊಣೆ ತನ್ನ ಮೇಲಿತ್ತೆಂದು ಆಮೇಲೆ ಹೇಳಿಕೊಂಡ. ಕುಡಿತ, ಮಾತ್ರೆಗಳ ದಾಸನಾದ. 2011ರಲ್ಲಿ ಪ್ಯಾರಿಸ್ಸಿನ ಬಾರೊಂದರಲ್ಲಿ ಯಹೂದ್ಯರನ್ನು ಹೀನಾಯವಾಗಿ ಬೈದದ್ದಕ್ಕೆ ಕೆಲಸ ಹೋಯಿತು, ಕೋರ್ಟು ತಪ್ಪಿತಸ್ಥನೆಂದಿತು. ಅವನ ನಂತರ ಬಂದ ರಾಫ್ ಸಿಮೋನ್ಸ್‌ಗೆ ಮೊದಲ ಓತ್ ಕುತೂರ್ ಪ್ರದರ್ಶನಕ್ಕೆ ಸಿಕ್ಕದ್ದು ಎಂಟು ವಾರ. ಆ ದಿನಗಳನ್ನು ಹಿಡಿದ ‘ದಿಯೋರ್ ಆ್ಯಂಡ್ ಐ’ ಎಂಬ ಸಾಕ್ಷ್ಯಚಿತ್ರದಲ್ಲಿ ಒಂದು ಪ್ರಸಂಗವಿದೆ. ತ್ವಾಲ್ ತೋರಿಸಬೇಕಾದ ದಿನ ಪ್ರೀಮಿಯರ್ ಊರಲ್ಲಿಲ್ಲ. ದೊಡ್ಡ ಗಿರಾಕಿಯೊಬ್ಬಳ ಅಳತೆ ಸರಿಪಡಿಸಲು ನ್ಯೂಯಾರ್ಕಿಗೆ ಹಾರಿದ್ದಾಳೆ. ಸಿಮೋನ್ಸ್ ಸಿಡಿಮಿಡಿಗೊಳ್ಳುತ್ತಾನೆ. ಆದರೆ ಮನೆಯ ಒಲೆ ಉರಿಯುವುದು ಅಂಥ ಗಿರಾಕಿಗಳಿಂದ. ಗೆರೆ, ಸೂಜಿ, ದುಡ್ಡು ಮೂರೂ ಒಬ್ಬ ಹೆಂಗಸನ್ನು ಒಂದೇ ದಿನ ಎಳೆದಾಡುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ವರ್ಷಕ್ಕೆ ಆರು ಸಂಗ್ರಹಗಳ ಓಟದಲ್ಲಿ ಯೋಚನೆ ಮಾಗುವುದಕ್ಕೆ ಸಮಯವಿಲ್ಲ ಎಂದು ದೂರಿದ ಸಿಮೋನ್ಸ್ 2015ರಲ್ಲಿ ಹೊರಬಿದ್ದ. ಮರುವರ್ಷ ಬಂದ ಮರಿಯಾ ಗ್ರಾಸಿಯಾ ಕಿಯೂರಿ ಆ ಮನೆಯ ಮೊದಲ ಮಹಿಳಾ ಕ್ರಿಯೇಟಿವ್ ಡೈರೆಕ್ಟರ್. ಹೆಂಗಸರೇ ತುಂಬಿದ ಹೊಲಿಗೆಮನೆಗಳ ಮೇಲೆ ಒಬ್ಬ ಹೆಂಗಸು ಕೂರಲು ಎಪ್ಪತ್ತು ವರ್ಷ ಹಿಡಿಯಿತು.

ಬಿಳಿ ಕೋಟು ಇಲ್ಲದ ಕೈಗಳು

ಪ್ಯಾರಿಸ್ಸಿನ ಹೊಲಿಗೆಯವರಿಗೆ ಕಾಯಂ ಕೆಲಸವಿದೆ, ಕಾನೂನಿದೆ. ಆ ಗೋಡೆಯಾಚೆ ಕಥೆ ಬೇರೆ. ಫ್ಯಾಶನ್ ಲೋಕದಲ್ಲಿ ಓಡಾಡುವ ಸ್ಟೈಲಿಸ್ಟ್, ಟ್ರೈನಿಗಳ ಬದುಕನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಜೂಲಿಯಾ ಮೆನ್ಸಿಟಿಯೇರಿ, ಸಂಬಳದ ಬದಲು ದುಬಾರಿ ಅಂಗಡಿಯ ವೋಚರ್ ಪಡೆದು, ಮನೆ ಬಾಡಿಗೆಗೆ ಪರದಾಡುವವರನ್ನು ಕಂಡರು. ಅಮೆರಿಕದಲ್ಲಿ ‘ವೋಗ್’ ಪತ್ರಿಕೆಯ ಒಡೆತನದ ಕಾಂಡೆ ನಾಸ್ಟ್ ಸಂಸ್ಥೆ, ಕಡಿಮೆ ಕೂಲಿಯ ಬಗ್ಗೆ ಟ್ರೈನಿಗಳು ಕೋರ್ಟಿಗೆ ಹೋದ ಮೇಲೆ 2013ರಲ್ಲಿ ಇಂಟರ್ನ್‌ಶಿಪ್ಪನ್ನೇ ನಿಲ್ಲಿಸಿತು. 2017ರಲ್ಲಿ ಫ್ಯಾಶನ್ ಮನೆಗಳ ಒಡೆತನದ ಎಲ್‌ವಿಎಂಎಚ್ ಮತ್ತು ಕೆರಿಂಗ್ ಗುಂಪುಗಳು ಒಟ್ಟಾಗಿ ಒಂದು ಒಪ್ಪಂದ ಹೊರಡಿಸಿ, ದೊಡ್ಡವರ ಉಡುಪಿಗೆ 16 ತುಂಬದ ಹುಡುಗಿಯರನ್ನೂ ತೀರ ಸಣಕಲು ಮೈಯವರನ್ನೂ ರೂಪದರ್ಶಿಗಳಾಗಿ ಬಳಸುವುದಿಲ್ಲ ಎಂದವು.

2024ರಲ್ಲಿ ಮಿಲಾನ್ ನ್ಯಾಯಾಲಯ ದಿಯೋರ್‌ನ ಚೀಲ ತಯಾರಿಸುವ ಇಟಲಿಯ ಘಟಕವೊಂದನ್ನು ಕೋರ್ಟಿನ ನಿಗಾದಡಿ ತಂದಿತು. ಹೊರಗುತ್ತಿಗೆಯ ಕಾರ್ಖಾನೆಗಳಲ್ಲಿ ಕೆಲಸಗಾರರು ಅಲ್ಲೇ ಮಲಗಿ ದುಡಿಯುತ್ತಿದ್ದರು ಎಂಬುದು ತನಿಖೆಯ ಆರೋಪ. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಚೀಲವೊಂದರ ಜೋಡಣೆಗೆ ಆ ಕಾರ್ಖಾನೆಗೆ ಸಿಗುತ್ತಿದ್ದದ್ದು 53 ಯೂರೋ. ಚರ್ಮದ ಖರ್ಚು ಬೇರೆ. 2025ರ ಆರಂಭದಲ್ಲಿ ಕೋರ್ಟು ಆ ನಿಗಾ ತೆಗೆಯಿತು.

ಪ್ಯಾರಿಸ್ಸಿನ ಬಹಳಷ್ಟು ಕಸೂತಿ ನಡೆಯುವುದು ಮುಂಬೈಯಲ್ಲಿ, ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಸುತ್ತ ಕುಳಿತ ಕುಶಲಕರ್ಮಿಗಳ ಕೈಯಲ್ಲಿ. ಅಲ್ಲಿ ಆರಿ ಸೂಜಿ ಹಿಡಿಯುವವರು ಹೆಚ್ಚಾಗಿ ಗಂಡಸರು. 2023ರ ಮಾರ್ಚ್ 30ರಂದು ದಿಯೋರ್ ತನ್ನ ಪ್ರದರ್ಶನವನ್ನು ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಡೆಸಿ, ತನಗೆ ವರ್ಷಗಳಿಂದ ಕಸೂತಿ ಮಾಡಿಕೊಡುತ್ತಿರುವ ಚಾಣಕ್ಯ ಸಂಸ್ಥೆಯ ಹೆಸರನ್ನು ಬಹಿರಂಗವಾಗಿ ಹೇಳಿತು. ಆ ಸಂಸ್ಥೆಯ ಶಾಲೆ ಈ ಕಸುಬನ್ನು ಹೆಂಗಸರಿಗೆ ಕಲಿಸುತ್ತಿದೆ.

ಖಾಲಿ ಕುರ್ಚಿಯ ದಿನ

ಗಲಿಯಾನೊನನ್ನು ತೆಗೆದ ಕೆಲವೇ ದಿನಕ್ಕೆ, 2011ರ ಮಾರ್ಚ್ 4ರಂದು, ದಿಯೋರ್‌ನ ಪ್ರದರ್ಶನ ಮೊದಲೇ ನಿಗದಿಯಾಗಿತ್ತು. ಉಡುಪುಗಳು ತಯಾರಿದ್ದವು, ಬಂದು ತಲೆಬಾಗಲು ವಿನ್ಯಾಸಕಾರ ಇರಲಿಲ್ಲ. ಕೊನೆಯ ರೂಪದರ್ಶಿ ಒಳಗೆ ಹೋದ ಮೇಲೆ ಬಿಳಿ ಕೋಟಿನವರು ಸಾಲಾಗಿ ಹೊರಬಂದು ವೇದಿಕೆಯ ಮೇಲೆ ನಿಂತರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಪತ್ರಿಕೆಗಳು ಮುಂದಿನ ದೊರೆ ಯಾರೆಂದು ಕೇಳುತ್ತಿದ್ದವು. ಆ ದೊರೆ ಬಂದು ಹೊಸ ಹಾಳೆ ಕೊಡುವವರೆಗೆ ಸುಮಾರು ಒಂದು ವರ್ಷ ಹೊಲಿಗೆಮನೆಯ ದೀಪ ಆರಲಿಲ್ಲ.