ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜುಗಳು: ಯಾವುದನ್ನು ಕೈಬಿಡಬೇಕು?

ಅಮೆರಿಕದಲ್ಲಿ ವೈದ್ಯರಾಗುವವರಿಗೆ ಎರಡು ಪದವಿಗಳಿವೆ: ಎಂಡಿ ಮತ್ತು ಡಿಒ. ಡಿಒ ಪದವಿ ನೀಡುವವು ಆಸ್ಟಿಯೋಪಥಿಕ್ ಕಾಲೇಜುಗಳು. ಮೊದಲನೆಯದನ್ನು ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ತೆರೆದರು. ಮೂಳೆ, ಸ್ನಾಯುಗಳಿಗೆ ಕೈಯಿಂದಲೇ ಮಾಡುವ ಚಿಕಿತ್ಸೆ ಇಂದಿಗೂ ಪಠ್ಯದಲ್ಲಿದೆ. ಔಷಧಿ ಬರೆಯಲು, ಶಸ್ತ್ರಚಿಕಿತ್ಸೆ ಮಾಡಲು ಡಿಒಗಳಿಗೆ ಎಂಡಿಗಳಷ್ಟೇ ಅಧಿಕಾರವಿದೆ. ಬ್ರಿಟನ್ನಿನ ಆಸ್ಟಿಯೋಪಾತ್‌ಗಳಿಗೆ ಅದಿಲ್ಲ. ಹೆಸರು ಒಂದೇ ಎಂದು ಮೋಸಹೋಗಬಾರದು.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ದೇಶದ ವೈದ್ಯಕೀಯ ಶಾಲೆಗಳನ್ನೆಲ್ಲ ಸುತ್ತಿ ಬರೆದ ವರದಿಯಲ್ಲಿ ಆಸ್ಟಿಯೋಪಥಿ ಶಾಲೆಗಳಿಗೂ ಚಾಟಿಯೇಟು ಬಿತ್ತು. ಶುಲ್ಕ ವಸೂಲಿಯೇ ಮುಖ್ಯವಾಗಿದೆ, ಕಲಿಯಲು ಬೇಕಾದ ಪ್ರಯೋಗಾಲಯ, ಆಸ್ಪತ್ರೆಗಳಿಲ್ಲ ಎಂಬುದು ಅವರ ಆಕ್ಷೇಪ. ಕಾಲೇಜನ್ನು ಅಳೆಯಲು ಇಂದಿಗೂ ಇದಕ್ಕಿಂತ ಒಳ್ಳೆಯ ಮಾನದಂಡವಿಲ್ಲ.

ಏಕೆಂದರೆ ಬಹಳಷ್ಟು ಡಿಒ ಕಾಲೇಜುಗಳಿಗೆ ಸ್ವಂತ ಬೋಧನಾ ಆಸ್ಪತ್ರೆಯಿಲ್ಲ. ಮೊದಲ ಎರಡು ವರ್ಷ ತರಗತಿಯಲ್ಲಿ ಕಳೆದ ವಿದ್ಯಾರ್ಥಿ ಮೂರನೆಯ ವರ್ಷ ಕಾರಿಗೆ ಸಾಮಾನು ತುಂಬಿಕೊಂಡು ಬೇರೆ ಊರಿಗೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೇ ಹೊರಡಬೇಕಾಗುತ್ತದೆ. ಅಲ್ಲಿ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ, ಪದವಿಯ ನಂತರದ ತರಬೇತಿಯಲ್ಲಿರುವ ರೆಸಿಡೆಂಟ್‌ಗಳ ಜೊತೆ ಬೆಳಗಿನ ರೌಂಡ್ಸ್ ಮಾಡಿ, ರೋಗಿಯ ಕೇಸನ್ನು ಹಿರಿಯ ವೈದ್ಯರ ಮುಂದೆ ಮಂಡಿಸಿ ಬೈಸಿಕೊಳ್ಳುವ ಅವಕಾಶ ಸಿಕ್ಕರೆ ಅದೃಷ್ಟ. ಒಬ್ಬ ವೈದ್ಯರ ಕ್ಲಿನಿಕ್‌ನಲ್ಲಿ ಮೂಲೆಯಲ್ಲಿ ನಿಂತು ನೋಡುವುದೇ ಆಂತರಿಕ ವೈದ್ಯಶಾಸ್ತ್ರದ ತರಬೇತಿ ಎನಿಸಿಕೊಂಡರೆ, ಅಂಥ ಕಾಲೇಜಿನ ಬಗ್ಗೆ ಎರಡು ಬಾರಿ ಯೋಚಿಸಬೇಕು. ಈ ಆಸ್ಪತ್ರೆ ತರಬೇತಿಯ, ಅಂದರೆ ರೊಟೇಶನ್‌ನ, ಜಾಗವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೆನ್ನುವ ಕಾಲೇಜಿನ ಬಗ್ಗೆಯಂತೂ ಯೋಚಿಸಲು ಏನೂ ಉಳಿದಿಲ್ಲ.

ಡಿಒ ಕಾಲೇಜುಗಳಿಗೆ ಮಾನ್ಯತೆ ನೀಡುವ ಸಂಸ್ಥೆ ಕೋಕಾ. ಅದರ ನಿಯಮದಂತೆ ಕಾಲೇಜುಗಳು ಡಿಒಗಳ ಪರವಾನಗಿ ಪರೀಕ್ಷೆಯಾದ ಕಾಮ್ಲೆಕ್ಸ್‌ನ ಫಲಿತಾಂಶವನ್ನೂ ಪದವೀಧರರ ರೆಸಿಡೆನ್ಸಿ ಪ್ಲೇಸ್‌ಮೆಂಟನ್ನೂ ಪ್ರಕಟಿಸಬೇಕು. ಅಂಕಿಗಳು ಸುಳ್ಳಲ್ಲ, ಆದರೆ ಪೂರ್ತಿ ಕಥೆಯನ್ನೂ ಹೇಳುವುದಿಲ್ಲ. ದುರ್ಬಲರನ್ನು ಪರೀಕ್ಷೆಗೇ ಕೂರಿಸದಿದ್ದರೆ ಉತ್ತೀರ್ಣರ ಪ್ರಮಾಣ ತಾನಾಗಿಯೇ ಏರುತ್ತದೆ; ಹಾಗಾಗಿ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಹೊರಬಂದರೆಂದು ಕೇಳಬೇಕು. ಪ್ಲೇಸ್‌ಮೆಂಟ್‌ನಲ್ಲಿ ಒಂದೇ ವರ್ಷದ ತಾತ್ಕಾಲಿಕ ಸೀಟುಗಳೂ, ರೆಸಿಡೆನ್ಸಿ ಸೀಟು ಹಂಚುವ ರಾಷ್ಟ್ರೀಯ ಪ್ರಕ್ರಿಯೆಯಾದ ಮ್ಯಾಚ್‌ನಲ್ಲಿ ಆಯ್ಕೆಯಾಗದೆ ಕೊನೆಯ ಗಳಿಗೆಯಲ್ಲಿ ಸಿಕ್ಕ ಸೀಟುಗಳೂ ಸೇರಿರಬಹುದು. 2024ರ ರಾಷ್ಟ್ರೀಯ ಮ್ಯಾಚ್‌ನಲ್ಲಿ ಡಿಒ ಅಂತಿಮ ವರ್ಷದವರ ಪೈಕಿ ಶೇ. 92ರಷ್ಟು ಮಂದಿಗೆ ಸ್ಥಾನ ದೊರೆಯಿತು. ಕಾಲೇಜು ಹೇಳುವ ಸಂಖ್ಯೆ ಇದಕ್ಕಿಂತ ಬಹಳ ಮೇಲಿದ್ದರೆ, ಅದು ಮ್ಯಾಚ್ ದರವೋ ಪ್ಲೇಸ್‌ಮೆಂಟ್ ದರವೋ ಎಂದು ವಿಚಾರಿಸುವುದು ಲೇಸು.

ಹೊಸ ಕಾಲೇಜುಗಳದು ಬೇರೆಯೇ ತೊಡಕು. ಪೂರ್ವ ಮಾನ್ಯತೆಯ ಬಲದ ಮೇಲೆ ಪ್ರವೇಶ ಶುರುವಾಗುತ್ತದೆ, ಮೊದಲ ತಂಡ ಪದವಿ ಪಡೆಯುವವರೆಗೆ ತೋರಿಸಲು ಫಲಿತಾಂಶವೇ ಇರುವುದಿಲ್ಲ. ಅವುಗಳಲ್ಲೂ ಲಾಭದ ಉದ್ದೇಶದ ಕಾಲೇಜೆಂದರೆ ಮೂಗು ಮುರಿಯುವವರು ಹೆಚ್ಚು. ಆದರೆ ಆ ಬಗೆಯದೇ ಆಗಿ 2008ರಲ್ಲಿ ಕೊಲರಾಡೋದಲ್ಲಿ ಆರಂಭವಾದ ರಾಕಿ ವಿಸ್ಟಾದ ಮೊದಲ ತಂಡಗಳು ಬೋರ್ಡ್ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡಿದವು. ಮಾಲೀಕರು ಯಾರೆನ್ನುವುದಕ್ಕಿಂತ ವಾರ್ಡ್ ಎಲ್ಲಿದೆ ಎನ್ನುವುದೇ ಹೆಚ್ಚು ಹೇಳುತ್ತದೆ.

ಹಣದ ಲೆಕ್ಕವೂ ಈಗ ಬಿಗಿಯಾಗಿದೆ. 2025ರ ಕಾನೂನಿನ ಪ್ರಕಾರ, 2026ರ ಜುಲೈನಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮೀರುವಂತಿಲ್ಲ. ಶುಲ್ಕವೊಂದೇ ಆ ಮಿತಿ ದಾಟುವ ಖಾಸಗಿ ಕಾಲೇಜಿಗೆ ಸೇರುವವರು ಉಳಿದದ್ದನ್ನು ಬ್ಯಾಂಕಿನಿಂದಲೋ ಮನೆಯಿಂದಲೋ ತರಬೇಕು.